ಹಲ್ಲಿನ ಅಲೈನರ್: ಮೊದಲ ಭೇಟಿಯಲ್ಲಿ ಏನೇನು ನಡೆಯುತ್ತದೆ, ಏನೇನು ಕೇಳಬೇಕು

ಮೂವತ್ತಾರನೇ ವಯಸ್ಸಿನಲ್ಲಿ ಹಲ್ಲು ಸರಿ ಮಾಡಿಸುತ್ತೇನೆ ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಮದುವೆಯಾಗಿ ಹತ್ತು ವರ್ಷ ಆಯ್ತಲ್ಲೇ, ಇನ್ನು ಯಾರಿಗೆ ತೋರಿಸ್ಬೇಕು?” ಅವರ ಲೆಕ್ಕದಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸುವುದು ಹೈಸ್ಕೂಲ್ ಮಕ್ಕಳ ಕೆಲಸ. ನನಗೆ ತೋರಿಸುವ ಆಸೆಗಿಂತ ಉಜ್ಜುವ ತಾಪತ್ರಯ ದೊಡ್ಡದಾಗಿತ್ತು. ಕೆಳಗಿನ ಮುಂದಿನ ಹಲ್ಲುಗಳು ಬಿಎಂಟಿಸಿ ಬಸ್ಸಿನಲ್ಲಿ ನಿಂತವರ ಹಾಗೆ ಒಂದರ ಹೆಗಲಿಗೆ ಇನ್ನೊಂದು ಆತುಕೊಂಡಿದ್ದವು. ಸಂದಿಗೆ ಬ್ರಷ್ ಹೋಗುತ್ತಿರಲಿಲ್ಲ. ವಯಸ್ಸಾದ ಹಾಗೆ ಕೆಳಗಿನ ಹಲ್ಲುಗಳು ಹೀಗೆ ಒತ್ತೊತ್ತಾಗುವುದು ಮಾಮೂಲಿ ಅಂತ ಆಮೇಲೆ ಗೊತ್ತಾಯಿತು.

ನಾನು ಎರಡು ಕಡೆ ತೋರಿಸಿದೆ. ಮೊದಲ ಕಡೆ ಕೂತ ಹತ್ತು ನಿಮಿಷಕ್ಕೆ ನನ್ನ ಹಲ್ಲುಗಳು ಪರದೆಯ ಮೇಲೆ ಸಾಲಾಗಿ ನಿಂತುಬಿಟ್ಟಿದ್ದವು. ಹದಿನೈದನೇ ನಿಮಿಷಕ್ಕೆ ಇಎಂಐ ಹಾಳೆ ಕೈಗೆ ಬಂತು. ಎರಡನೇ ಕಡೆ ಡಾಕ್ಟರ್ ಅರ್ಧ ಗಂಟೆ ಬಾಯೊಳಗೆ ನೋಡಿ, “ಅಲೈನರ್ ಮಾತು ಆಮೇಲೆ, ಮೊದಲು ವಸಡು” ಅಂದರು. ನಾನು ಕಲಿತದ್ದೆಲ್ಲ ಈ ಎರಡು ಭೇಟಿಗಳ ನಡುವಿನ ವ್ಯತ್ಯಾಸದಿಂದಲೇ. ಮೊದಲ ಭೇಟಿಯಿಂದ ನಿಮಗೆ ಸಿಗಬೇಕಾದ್ದು ಒಂದು ಉತ್ತರ: ನನ್ನ ಬಾಯಿಗೆ ಇದು ಆಗುತ್ತಾ, ಇಲ್ವಾ? ಅದು ಸಿಗುವವರೆಗೆ ಪರ್ಸು ಚೀಲದಲ್ಲೇ ಇರಲಿ.

ಅಲೈನರ್ ಗೊತ್ತಿಲ್ಲದವರಿಗೆ ಎರಡು ಮಾತು. ಅದು ಹಲ್ಲಿನ ಮೇಲೆ ಕೂರುವ ತೆಳು ಪ್ಲಾಸ್ಟಿಕ್ ಟ್ರೇ, ಗಾಜಿನ ಹಾಗೆ ಒಳಗಿನ ಹಲ್ಲು ಕಾಣುವಂಥದ್ದು. ಬೇಕೆಂದಾಗ ತೆಗೆಯಬಹುದು. ಪ್ರತಿ ಟ್ರೇ ನಿಮ್ಮ ಈಗಿನ ಹಲ್ಲಿಗಿಂತ ಒಂಚೂರು ಬೇರೆ ಆಕಾರದಲ್ಲಿರುತ್ತದೆ. ಆ ಒಂಚೂರು ಒತ್ತಡಕ್ಕೆ ಹಲ್ಲು ಸರಿಯುತ್ತದೆ, ಒಂದು ಟ್ರೇಗೆ ಸುಮಾರು 0.25 ಮಿಲಿಮೀಟರ್. ಒಂದೋ ಎರಡೋ ವಾರಕ್ಕೆ ಮುಂದಿನ ಟ್ರೇ. ಕ್ಯಾಲಿಫೋರ್ನಿಯಾದಲ್ಲಿ 1997ರಲ್ಲಿ ಶುರುವಾದ ಕಂಪನಿಯೊಂದು ಇನ್ವಿಸಲೈನ್ ಹೆಸರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಈಗ ನಮ್ಮ ದೇಶದ ಬ್ರ್ಯಾಂಡ್‌ಗಳೂ ಬೇಕಾದಷ್ಟಿವೆ.

ಯಾರ ಹತ್ತಿರ ಹೋಗಬೇಕು

ಬೋರ್ಡ್ ಓದಿ. ಬಿಡಿಎಸ್ ಅಂತಿದ್ದರೆ ಅವರು ಹಲ್ಲಿನ ಡಾಕ್ಟರ್. ಅದರ ಮೇಲೆ ಮೂರು ವರ್ಷ ಹಲ್ಲು ಸರಿಸುವುದನ್ನೇ ಓದಿದವರು ಎಂಡಿಎಸ್ ಆರ್ಥೋಡಾಂಟಿಕ್ಸ್. ನಮಗೆ ಬೇಕಾದ್ದು ಇವರು. ‘ಆರ್ಥೋ’ ಅಂದ ಕೂಡಲೇ ನಮ್ಮ ಮಾವ ಮೂಳೆ ಡಾಕ್ಟರ್ ಅಂದುಕೊಂಡು “ಬಿದ್ಯಾ?” ಅಂತ ಕೇಳಿದ್ದರು, ಅದು ಬೇರೆ ಮಾತು. ಎಂಡಿಎಸ್ ಅಂತಷ್ಟೇ ಇದ್ದರೆ ಯಾವುದರಲ್ಲಿ ಅಂತ ಕೇಳಿ, ಅದರಲ್ಲೂ ಒಂಬತ್ತು ಬಗೆ ಇವೆ. ಡಾಕ್ಟರ್ ಹೆಸರು ಕರ್ನಾಟಕ ರಾಜ್ಯ ದಂತ ವೈದ್ಯ ಪರಿಷತ್ತಿನಲ್ಲೋ ಬೇರೆ ರಾಜ್ಯದ ಪರಿಷತ್ತಿನಲ್ಲೋ ನೋಂದಣಿ ಆಗಿರಲೇಬೇಕು.

ಫೋನಿನಲ್ಲಿ ಸಮಯ ತೆಗೆದುಕೊಳ್ಳುವಾಗಲೇ ಮೂರು ವಿಷಯ ಕೇಳಿಬಿಡಿ. ನನ್ನನ್ನು ನೋಡುವವರು ಆರ್ಥೋಡಾಂಟಿಸ್ಟ್ ತಾನೇ? ಅವರು ದಿನಾ ಇರುತ್ತಾರಾ, ಇಲ್ಲ ವಾರಕ್ಕೊಮ್ಮೆ ಬಂದು ಹೋಗುತ್ತಾರಾ? ಕನ್ಸಲ್ಟೇಷನ್ ಫೀಸಿನಲ್ಲಿ ಎಕ್ಸ್-ರೇ, ಸ್ಕ್ಯಾನ್ ಸೇರುತ್ತವಾ? ವಾರಕ್ಕೊಮ್ಮೆ ಬರುವವರಾದರೆ ತಪ್ಪೇನಿಲ್ಲ, ಸಣ್ಣ ಊರುಗಳಲ್ಲಿ ಹಾಗೇ ನಡೆಯುವುದು. ಆದರೆ ಟ್ರೇ ಬಿರುಕು ಬಿಟ್ಟ ದಿನ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಗೊತ್ತಿರಬೇಕು.

ಬೆಂಗಳೂರು, ಮೈಸೂರಿನ ಆಚೆ ಇರುವವರು ಡೆಂಟಲ್ ಕಾಲೇಜುಗಳನ್ನು ಮರೆಯಬೇಡಿ. ಧಾರವಾಡ, ದಾವಣಗೆರೆ, ಮಣಿಪಾಲ, ಮಂಗಳೂರು, ಬೆಳಗಾವಿಗಳಲ್ಲಿ ಒಳ್ಳೆಯ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜೇ ಇದೆ. ಸರದಿಯಲ್ಲಿ ಕಾಯಬೇಕು, ನಿಜ. ಕಲಿಯುತ್ತಿರುವ ಡಾಕ್ಟರ್ ನೋಡುತ್ತಾರೆ, ಹಿಂದೆ ಪ್ರೊಫೆಸರ್ ನಿಂತಿರುತ್ತಾರೆ. ಅಲೈನರ್ ಅಲ್ಲೇ ಹಾಕಿಸದಿದ್ದರೂ, ನಿಮ್ಮ ಬಾಯಲ್ಲಿ ಇರುವ ಸಮಸ್ಯೆ ಏನು ಅಂತ ಮಾರಾಟದ ಆತುರವಿಲ್ಲದ ಒಂದು ಅಭಿಪ್ರಾಯ ಕಡಿಮೆ ದುಡ್ಡಿನಲ್ಲಿ ಸಿಗುತ್ತದೆ.

ಮನೆಯಿಂದ ಹೊರಡುವ ಮುಂಚೆ

ಹಳೇ ಎಕ್ಸ್-ರೇ ಇದ್ದರೆ ಚೀಲಕ್ಕೆ ಹಾಕಿಕೊಳ್ಳಿ. ತಿನ್ನುವ ಮಾತ್ರೆಗಳ ಪಟ್ಟಿ ಬರೆದುಕೊಳ್ಳಿ. ಶುಗರ್ ಇದೆಯಾ, ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ನಡೆಯುತ್ತಿದೆಯಾ, ಬಸುರಿಯಾ ಅನ್ನುವುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮೂಳೆ ಸವೆತದ ಕೆಲವು ಔಷಧಿಗಳು ಮೂಳೆ ಕರಗುವುದನ್ನು ತಡೆಯುತ್ತವೆ. ಹಲ್ಲು ಸರಿಯಬೇಕಾದರೆ ಮೂಳೆ ಒಂದು ಕಡೆ ಕರಗಿ ಇನ್ನೊಂದು ಕಡೆ ಬೆಳೆಯಲೇಬೇಕು. ಹಾಗಾಗಿ ಮುಚ್ಚಿಡಬೇಡಿ. ಎಲೆ ಅಡಿಕೆ, ಗುಟ್ಕಾ, ಸಿಗರೇಟು ಇದ್ದರೂ ಹೇಳಿ. ಬೈಯಬಹುದು, ಬೈಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಎಕ್ಸ್-ರೇಗೆ ಓಲೆ, ಸರ, ಕನ್ನಡಕ, ಮೂಗುತಿ ಎಲ್ಲ ಬಿಚ್ಚಬೇಕು. ನಿಮ್ಮ ಮೂಗುತಿ ಹದಿನೈದು ವರ್ಷದಿಂದ ಬಿಚ್ಚದ ತಿರುಪಿನದಾದರೆ ಮನೆಯಲ್ಲೇ ಎಣ್ಣೆ ಹಚ್ಚಿ ಸಡಿಲ ಮಾಡಿಕೊಂಡು ಹೋಗಿ. ನಾನು ಆ ಮೆಷಿನ್ ಮುಂದೆ ನಿಂತು ಇಪ್ಪತ್ತು ನಿಮಿಷ ಒದ್ದಾಡಿದ್ದೇನೆ.

ಕುರ್ಚಿಯಲ್ಲಿ ಒರಗಿದ ಮೇಲೆ

ಮೊದಲು ಮಾತು. “ಏನು ತೊಂದರೆ?” ಅಂತ ಕೇಳುತ್ತಾರೆ. “ಹಲ್ಲು ಸರಿ ಇಲ್ಲ” ಅಂದರೆ ಸಾಲದು. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಯಾವುದು? ಮುಂದಿನ ಎರಡು ಹಲ್ಲಿನ ನಡುವಿನ ಸಂದಾ? ಉಬ್ಬು ಹಲ್ಲಾ? ನಕ್ಕಾಗ ಹೊರಗೆ ಬರುವ ಕೋರೆ ಹಲ್ಲಾ? ಬೇಕಾದ್ದನ್ನು ಬಿಡಿಸಿ ಹೇಳಿದರೆ, ಬೇಡದ್ದಕ್ಕೆ ದುಡ್ಡು ಸುರಿಯುವುದು ತಪ್ಪುತ್ತದೆ. ಕೋರೆ ಹಲ್ಲು ಸ್ವಲ್ಪ ಹೊರಗಿರುವುದೇ ನಿಮಗೆ ಇಷ್ಟವಾದರೆ ಅದನ್ನೂ ಹೇಳಿ. ರಾತ್ರಿ ಹಲ್ಲು ಕಡಿಯುತ್ತೀರಾ, ಬಾಯಲ್ಲಿ ಉಸಿರಾಡುತ್ತೀರಾ, ಚಿಕ್ಕವರಿದ್ದಾಗ ಹೆಬ್ಬೆರಳು ಚೀಪುತ್ತಿದ್ದಿರಾ ಅಂತ ಕೇಳುತ್ತಾರೆ. ಗಂಡನೋ ಹೆಂಡತಿಯೋ ಜೊತೆಗಿದ್ದರೆ ಮೊದಲ ಪ್ರಶ್ನೆಗೆ ಅವರೇ ಉತ್ತರ ಕೊಡುತ್ತಾರೆ.

ಆಮೇಲೆ ವಸಡು. ಈ ಹಂತ ನಡೆಯಿತಾ ಇಲ್ವಾ ಅನ್ನುವುದರ ಮೇಲೆಯೇ ನಾನು ಈಗ ಒಂದು ಕ್ಲಿನಿಕ್ಕನ್ನು ಅಳೆಯುವುದು. ಡಾಕ್ಟರ್ ಮಿಲಿಮೀಟರ್ ಗೆರೆ ಹಾಕಿದ ಒಂದು ತೆಳು ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತಾರೆ. ಎಷ್ಟು ಆಳಕ್ಕೆ ಹೋಯಿತು ಅಂತ ಬಾಯಿಬಿಟ್ಟು ಹೇಳುತ್ತಾ ಹೋಗುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ನನ್ನದು ಎರಡು, ಮೂರು, ಎರಡು, ಮೂರು ಅಂತ ಪದ್ಯ ಓದಿದ ಹಾಗೆ ಸಾಗಿತ್ತು. ಕೆಳಗಿನ ಮುಂದಿನ ಹಲ್ಲುಗಳಿಗೆ ಬಂದಾಗ ಡಾಕ್ಟರ್ ಒಂದು ಕ್ಷಣ ನಿಂತರು. “ಐದು.” ಪಕ್ಕಕ್ಕೆ ಸರಿದು ಇನ್ನೊಮ್ಮೆ, “ಐದು.” ಮೂರರವರೆಗೆ ಇದ್ದರೆ ಚಿಂತೆ ಇಲ್ಲ. ಅದಕ್ಕಿಂತ ಜಾಸ್ತಿ ಅಂದರೆ ವಸಡು ಹಲ್ಲನ್ನು ಬಿಟ್ಟುಕೊಡುತ್ತಿರಬಹುದು, ಒಳಗೆ ಗಾರೆ (ಗಟ್ಟಿಯಾದ ಕೊಳೆ) ಕಟ್ಟಿರಬಹುದು ಅಂತ. ಬಾಯಿ ಮುಕ್ಕಳಿಸಿದಾಗ ನೀರು ಕೆಂಪಾಗಿತ್ತು.

ಇದಕ್ಕೆ ಯಾಕೆ ಇಷ್ಟು ಪ್ರಾಮುಖ್ಯ ಅಂದರೆ, ಹಲ್ಲು ಸರಿಯುವುದು ಮೂಳೆಯ ಒಳಗೆ. ವಸಡಿನ ರೋಗ ಇಟ್ಟುಕೊಂಡೇ ಹಲ್ಲು ಎಳೆದರೆ ಅದನ್ನು ಹಿಡಿದಿರುವ ಮೂಳೆ ಇನ್ನೂ ಬೇಗ ಸವೆಯುತ್ತದೆ. ಸಾಲಾಗಿ ನಿಂತ ಹಲ್ಲು ಅಲ್ಲಾಡತೊಡಗಿದರೆ ಆ ಸಾಲು ಯಾರಿಗೆ ಬೇಕು? ನಾನು ಹೋದ ಮೊದಲ ಕಡೆ ಈ ಕಡ್ಡಿಯನ್ನು ಯಾರೂ ಮುಟ್ಟಲೇ ಇಲ್ಲ.

ಹುಳುಕು ಹಲ್ಲು ಇದ್ದರೆ ಮೊದಲು ಅದನ್ನು ತುಂಬಿಸಬೇಕು. ರೂಟ್ ಕೆನಾಲ್ ಆದ ಹಲ್ಲು ಸಾಮಾನ್ಯವಾಗಿ ಸರಿಯುತ್ತದೆ, ಹೆದರಬೇಡಿ. ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸಿದ ಕೃತಕ ಹಲ್ಲು) ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ, ಅದು ಮೂಳೆಗೇ ಅಂಟಿರುತ್ತದೆ. ಹಲ್ಲು ಕಳೆದುಕೊಂಡು ಇಂಪ್ಲಾಂಟ್ ಹಾಕಿಸುವ ಯೋಚನೆ ಇದ್ದರೆ, ಅಲೈನರ್ ಮೊದಲೋ ಅದು ಮೊದಲೋ ಅಂತ ಇದೇ ದಿನ ಕೇಳಿಕೊಳ್ಳಿ.

ಕೊನೆಗೆ ಕಚ್ಚು. “ಹಿಂದಿನ ಹಲ್ಲು ಸೇರಿಸಿ ಕಚ್ಚಿ” ಅನ್ನುತ್ತಾರೆ. ಮೇಲಿನ ಹಲ್ಲು ಕೆಳಗಿನದಕ್ಕಿಂತ ಎಷ್ಟು ಮುಂದಿದೆ ಅಂತ ಸಣ್ಣ ಸ್ಕೇಲಿನಲ್ಲಿ ಅಳೆಯುತ್ತಾರೆ, ಎರಡು ಮೂರು ಮಿಲಿಮೀಟರ್ ಇದ್ದರೆ ಸರಿ. ನೀಲಿ ಕಾಗದದ ಪಟ್ಟಿ ಕಚ್ಚಿಸಿ ಎಲ್ಲೆಲ್ಲಿ ಬಣ್ಣ ಹತ್ತಿತು ಅಂತ ನೋಡುತ್ತಾರೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆಗೆಸಿ ಮುಚ್ಚಿಸುತ್ತಾರೆ. ಅಲ್ಲಿ ಕಟ್ ಅಂತ ಸದ್ದು ಬರುತ್ತಿದ್ದರೆ, ಬೆಳಗ್ಗೆ ಎದ್ದಾಗ ದವಡೆ ನೋಯುತ್ತಿದ್ದರೆ ಆಗಲೇ ಹೇಳಿ.

ಫೋಟೋ, ಎಕ್ಸ್-ರೇ, ಸ್ಕ್ಯಾನ್

ಸಾಮಾನ್ಯವಾಗಿ ಎಂಟು ಫೋಟೋ. ಮುಖದ್ದು ಮೂರು: ಸುಮ್ನೆ ನೋಡುತ್ತಾ, ನಗುತ್ತಾ, ಪಕ್ಕದಿಂದ. ಬಾಯೊಳಗಿನದು ಐದು. ಇದಕ್ಕೆ ಎರಡೂ ಕಡೆ ತುಟಿ ಎಳೆದು ಹಿಡಿಯುವ ಪ್ಲಾಸ್ಟಿಕ್ ಕೊಕ್ಕೆ ಕೈಗೆ ಕೊಟ್ಟು, ಒಳಗೆ ಕನ್ನಡಿ ತೂರಿಸುತ್ತಾರೆ. ಉಸಿರಿಗೆ ಕನ್ನಡಿ ಮಂಜಾಗುತ್ತದೆ, ಜೊಲ್ಲು ಗದ್ದಕ್ಕೆ ಇಳಿಯುತ್ತದೆ. ಜೀವನದಲ್ಲಿ ಅಷ್ಟು ಕೆಟ್ಟ ಫೋಟೋ ನನ್ನದು ಇನ್ನೊಂದಿಲ್ಲ. ನಾಚಿಕೆ ಬೇಡ, ಎಲ್ಲರದೂ ಹಾಗೇ.

ಎಕ್ಸ್-ರೇಯಲ್ಲಿ ಮುಖ್ಯವಾದದ್ದು ಒಪಿಜಿ. ಗದ್ದ ಒಂದು ಕಡೆ ಇಟ್ಟು, ಸಣ್ಣ ಕಡ್ಡಿ ಕಚ್ಚಿ ಅಲ್ಲಾಡದೆ ನಿಲ್ಲಬೇಕು. ಮೆಷಿನ್ ತಲೆಯ ಸುತ್ತ ತಿರುಗುತ್ತದೆ, ಒಂದು ನಿಮಿಷದೊಳಗೆ ಮುಗಿಯಿತು. ಬೇರುಗಳು, ಮೂಳೆಯ ಮಟ್ಟ, ಹುಟ್ಟದೆ ಒಳಗೇ ಮಲಗಿದ ಬುದ್ಧಿ ಹಲ್ಲು ಎಲ್ಲ ಒಂದೇ ಚಿತ್ರದಲ್ಲಿ ಸಿಗುತ್ತವೆ. ಮೇಲಿನ ಮತ್ತು ಕೆಳಗಿನ ದವಡೆ ಒಂದಕ್ಕೊಂದು ಹೇಗೆ ಕೂತಿವೆ ಅಂತ ನೋಡಲು ಪಕ್ಕದಿಂದ ತಲೆಯದ್ದೂ ಒಂದು ತೆಗೆಯಬಹುದು. ಸಿಬಿಸಿಟಿ ಅನ್ನುವ 3ಡಿ ಸ್ಕ್ಯಾನ್ ಎಲ್ಲರಿಗೂ ಬೇಕಾಗುವುದಿಲ್ಲ. ಬರೆದುಕೊಟ್ಟರೆ ಯಾಕೆ ಅಂತ ಕೇಳಿ, ಅದರಲ್ಲಿ ವಿಕಿರಣ ಜಾಸ್ತಿ. ಎಕ್ಸ್-ರೇಯೇ ಇಲ್ಲದೆ ಅಲೈನರ್ ಶುರು ಮಾಡೋಣ ಅನ್ನುವವರಿಗೆ ಕೈಮುಗಿದು ಎದ್ದುಬನ್ನಿ.

ಸ್ಕ್ಯಾನ್ ಮಾತ್ರ ಸುಲಭ. ದಪ್ಪ ಟೂತ್‌ಬ್ರಷ್ ಥರದ ಒಂದು ಕೋಲನ್ನು ಹಲ್ಲಿನ ಮೇಲೆ ಆಡಿಸುತ್ತಾರೆ, ಪರದೆಯಲ್ಲಿ ನಿಮ್ಮ ಹಲ್ಲು ಬಣ್ಣಬಣ್ಣವಾಗಿ ಮೂಡುತ್ತಾ ಹೋಗುತ್ತದೆ. ಇದು ಬೆಳಕಿನ ಕ್ಯಾಮೆರಾ, ವಿಕಿರಣ ಇಲ್ಲ. ಸ್ಕ್ಯಾನರ್ ಇಲ್ಲದ ಕಡೆ ಅಂಟಿನಂಥ ವಸ್ತು ತುಂಬಿದ ಟ್ರೇ ಕಚ್ಚಿಸಿ ಅಚ್ಚು ತೆಗೆಯುತ್ತಾರೆ. ವಾಕರಿಕೆ ಬರುವವರು ತಲೆ ಮುಂದಕ್ಕೆ ಬಾಗಿಸಿ ಮೂಗಿನಲ್ಲಿ ಉಸಿರಾಡಿ, ಹೊಟ್ಟೆ ಬಿರಿಯ ಬಿಸಿಬೇಳೆಬಾತ್ ತಿಂದು ಹೋಗಬೇಡಿ.

ಪರದೆಯ ಮೇಲಿನ ನಗು

ಈಗ ಬರುವುದು ಮನಸ್ಸು ಕರಗಿಸುವ ಗಳಿಗೆ. ಎಡಗಡೆ ನಿಮ್ಮ ಸೊಟ್ಟ ಹಲ್ಲು, ಬಲಗಡೆ ಮುತ್ತಿನ ಸಾಲು. ಒತ್ತಿದರೆ ಹಲ್ಲುಗಳು ಸರಸರನೆ ಸರಿದು ನಿಲ್ಲುತ್ತವೆ. ಸ್ಕ್ಯಾನ್ ಆದ ತಕ್ಷಣ ತೋರಿಸುವ ಈ ಚಿತ್ರ ಕಂಪ್ಯೂಟರ್ ಮಾಡಿದ ಅಂದಾಜು, ಅಷ್ಟೇ. ನಿಮ್ಮ ಬೇರು ಎಷ್ಟು ಉದ್ದ, ಮೂಳೆ ಎಷ್ಟಿದೆ ಅನ್ನುವುದನ್ನು ಅದು ಲೆಕ್ಕ ಹಿಡಿದಿರುವುದಿಲ್ಲ. ಡಾಕ್ಟರ್ ಕೂತು ತಿದ್ದಿದ ನಿಜವಾದ ಪ್ಲಾನ್ ಬರಲು ಕೆಲವು ದಿನ ಬೇಕು. ಅದು ಬಂದಾಗ ಕೂರಿಸಿಕೊಂಡು ತೋರಿಸಲು ಹೇಳಿ.

ಆ ಪ್ಲಾನ್‌ನಲ್ಲಿ ನೋಡಬೇಕಾದ್ದು ಕೊನೆಯ ನಗುವಿಗಿಂತ ನಡುವಿನ ದಾರಿಯನ್ನು. ಎಷ್ಟು ಟ್ರೇ? ಒಂದು ಹಲ್ಲು ಎರಡು ಮಿಲಿಮೀಟರ್ ಸರಿಯಬೇಕಾದರೆ ಸುಮಾರು ಎಂಟು ಟ್ರೇ, ವಾರಕ್ಕೊಂದರಂತೆ ಎರಡು ತಿಂಗಳು, ಎರಡು ವಾರಕ್ಕೊಂದರಂತೆ ನಾಲ್ಕು. ಹಲವು ಹಲ್ಲು ಒಟ್ಟಿಗೇ ಸರಿಯುವುದರಿಂದ ಸಣ್ಣ ಕೇಸು ಆರೇಳು ತಿಂಗಳಲ್ಲಿ ಮುಗಿಯಬಹುದು, ದೊಡ್ಡದು ಒಂದೂವರೆ ವರ್ಷ ದಾಟಬಹುದು. ಜಾಗ ಎಲ್ಲಿಂದ ಬರುತ್ತದೆ? ಹಲ್ಲು ಕೀಳಬೇಕಾ, ಇಲ್ಲ ಹಲ್ಲುಗಳ ನಡುವೆ ಉಜ್ಜಿ 0.2ರಿಂದ 0.5 ಮಿಲಿಮೀಟರ್ ಸವೆಸಿದರೆ ಸಾಕಾ? ಸವೆಸುವುದು ಅಂದಾಗ ನನಗೆ ಎದೆ ಧಸಕ್ಕೆಂದಿತ್ತು. ಹೊರಪದರದಲ್ಲಿ ತೆಳುವಾಗಿ ಅಷ್ಟೇ, ನೋವಾಗುವುದಿಲ್ಲ.

ಅಟ್ಯಾಚ್‌ಮೆಂಟ್ ಎಷ್ಟು ಅಂತಲೂ ಕೇಳಿ. ಟ್ರೇಗೆ ಹಿಡಿತ ಸಿಗಲಿ ಅಂತ ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ ಸಣ್ಣ ಉಬ್ಬುಗಳನ್ನು ಅಂಟಿಸುತ್ತಾರೆ. “ಯಾರಿಗೂ ಕಾಣೋದೇ ಇಲ್ಲ” ಅನ್ನುವ ಮಾತಿಗೆ ಇವು ಅಡ್ಡ ಬರುತ್ತವೆ, ಹತ್ತಿರದಿಂದ ಕಾಣುತ್ತವೆ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಫ್ಲೋರೈಡಿನ ಕಂದು ಕಲೆಗಳಿರುತ್ತವಲ್ಲ, ಅಂಥ ಹಲ್ಲಿನ ಮೇಲೆ ಅಂಟು ಅಷ್ಟು ಗಟ್ಟಿಯಾಗಿ ಹಿಡಿಯದೇ ಇರಬಹುದು. ನಿಮ್ಮದು ಆ ಸೀಮೆಯಾದರೆ ಉಬ್ಬು ಕಿತ್ತುಬಂದಾಗ ಮತ್ತೆ ಅಂಟಿಸಲು ದುಡ್ಡು ಕೇಳುತ್ತಾರಾ ಅಂತ ಮೊದಲೇ ಮಾತಾಡಿಕೊಳ್ಳಿ.

ಅಲೈನರ್ ಎಲ್ಲವನ್ನೂ ಮಾಡುವುದಿಲ್ಲ. ತುಂಬ ತಿರುಗಿಕೊಂಡ ಕೋರೆ ಹಲ್ಲು, ಕೆಳಕ್ಕೆ ಎಳೆಯಬೇಕಾದ ಹಲ್ಲು, ಹಲ್ಲು ಕಿತ್ತ ದೊಡ್ಡ ಸಂದು ಮುಚ್ಚುವುದು ಇವೆಲ್ಲ ಪ್ಲಾಸ್ಟಿಕ್ಕಿಗೆ ಕಷ್ಟ. ತಂತಿ, ಅಂದರೆ ಅಮ್ಮ ಹೇಳುವ ಕ್ಲಿಪ್, ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ದವಡೆಯ ಮೂಳೆಯೇ ಮುಂದೆ ಹಿಂದೆ ಇದ್ದರೆ ದೊಡ್ಡವರಲ್ಲಿ ಆಪರೇಷನ್ ಮಾತೂ ಬರಬಹುದು. “ನಿಮಗೆ ತಂತಿಯೇ ಒಳ್ಳೇದು” ಅಂತ ಹೇಳಿ ಕಡಿಮೆ ದುಡ್ಡಿನ ದಾರಿ ತೋರಿಸುವ ಡಾಕ್ಟರ್ ಸಿಕ್ಕರೆ, ಅವರ ನಂಬರ್ ಸೇವ್ ಮಾಡಿಕೊಳ್ಳಿ.

22 ಗಂಟೆಯ ಲೆಕ್ಕ

ಟ್ರೇ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ತಿನ್ನುವಾಗ, ನೀರು ಬಿಟ್ಟು ಬೇರೇನಾದರೂ ಕುಡಿಯುವಾಗ ತೆಗೆಯಬೇಕು. ಬಿಸಿ ಕಾಫಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಅರಿಶಿನಕ್ಕೆ ಹಳದಿಯಾಗುತ್ತದೆ. 22 ಗಂಟೆ ಅಂದರೆ ನಿಮಗೆ ಉಳಿಯುವುದು ಎರಡು ಗಂಟೆ. ತಿಂಡಿಗೆ 20 ನಿಮಿಷ, ಎರಡು ಊಟಕ್ಕೆ 30ರಂತೆ 60, ಎರಡು ಕಾಫಿಗೆ 15ರಂತೆ 30, ಉಜ್ಜಲು 10. ಮುಗೀತು, 120 ನಿಮಿಷ. ಸಂಜೆಯ ಚುರುಮುರಿಗೆ ಜಾಗವಿಲ್ಲ. ಆಫೀಸಿನಲ್ಲಿ ಗಂಟೆಗೊಂದು ಕಾಫಿ ಹೀರುವವರು, ಮದುವೆ ಸೀಸನ್ನಿನಲ್ಲಿ ವಾರಕ್ಕೆ ನಾಲ್ಕು ಊಟಕ್ಕೆ ಹೋಗುವವರು ಡಾಕ್ಟರ್ ಮುಂದೆ ನಿಜ ಒಪ್ಪಿಕೊಳ್ಳಿ. ತೆಗೆಯಲು ಬಾರದ ತಂತಿ ಅಂಥವರಿಗೆ ಎಷ್ಟೋ ವಾಸಿ.

ದುಡ್ಡಿನ ಮಾತು

ಅಲೈನರ್‌ಗೆ ಅರ್ಧ ಲಕ್ಷದ ಆಸುಪಾಸಿನಿಂದ ಎರಡು ಮೂರು ಲಕ್ಷದವರೆಗೂ ಹೇಳುತ್ತಾರೆ. ಮಾಮೂಲಿ ಸ್ಟೀಲ್ ತಂತಿಗೆ ಇದಕ್ಕಿಂತ ಎಷ್ಟೋ ಕಡಿಮೆ. ಆರೋಗ್ಯ ವಿಮೆ ಸಾಮಾನ್ಯವಾಗಿ ಇದಕ್ಕೆಲ್ಲ ಕೊಡುವುದಿಲ್ಲ. ಮೊತ್ತಕ್ಕಿಂತ ಅದರಲ್ಲಿ ಏನೇನು ಸೇರಿದೆ ಅನ್ನುವುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ವಸಡಿನ ಕ್ಲೀನಿಂಗ್ ಇದರಲ್ಲೇ ಬಂತಾ? ಟ್ರೇ ಕಳೆದರೆ ಹೊಸದಕ್ಕೆ ಎಷ್ಟು? ಮೊದಲ ಕಂತಿನ ಟ್ರೇಗಳು ಮುಗಿದ ಮೇಲೂ ಹಲ್ಲು ಪೂರ್ತಿ ಸಾಲಿಗೆ ಬಂದಿರದೇ ಇರಬಹುದು, ಮತ್ತೆ ಸ್ಕ್ಯಾನ್ ಮಾಡಿ ಇನ್ನಷ್ಟು ಟ್ರೇ ತರಿಸುವುದು ತೀರಾ ಸಾಮಾನ್ಯ. ಅದಕ್ಕೆ ರಿಫೈನ್‌ಮೆಂಟ್ ಅನ್ನುತ್ತಾರೆ. ಅದು ಎಷ್ಟು ಸಲ ಉಚಿತ? ಎಲ್ಲ ಮುಗಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡಲು ಹಾಕುವ ರಿಟೈನರ್ ಸೇರಿದೆಯಾ? ರಿಟೈನರ್ ಹಾಕದಿದ್ದರೆ ಹಲ್ಲು ತವರಿಗೆ ಹೊರಟ ಹಾಗೆ ಹಳೇ ಜಾಗಕ್ಕೇ ಹೊರಡುತ್ತದೆ. ರಾತ್ರಿ ಹೊತ್ತಾದರೂ ವರ್ಷಗಟ್ಟಲೆ ಹಾಕಬೇಕು.

ಊರು ಬಿಡುವ ಸಾಧ್ಯತೆ ಇದ್ದರೆ ಅದನ್ನೂ ಕೇಳಿ. ಬೆಂಗಳೂರಲ್ಲಿ ಶುರು ಮಾಡಿ ಆರು ತಿಂಗಳಿಗೆ ಆನ್‌ಸೈಟ್ ಅಂತ ಡಲ್ಲಾಸ್‌ಗೋ ಲಂಡನ್‌ಗೋ ಹೋದವರು ಅಲ್ಲಿ ಹೊಸದಾಗಿ ದುಡ್ಡು ಕಟ್ಟಬೇಕಾಗಬಹುದು. ಮುಖಾಮುಖಿ ಡಾಕ್ಟರೇ ಇಲ್ಲದೆ, ಮನೆಗೆ ಬರುವ ಕಿಟ್‌ನಲ್ಲಿ ಎಲ್ಲ ಮುಗಿಸುತ್ತೇವೆ ಅನ್ನುವ ವ್ಯವಸ್ಥೆ ನನಗಂತೂ ಬೇಡ. ಅಮೆರಿಕದಲ್ಲಿ ಮನೆಗೇ ಅಲೈನರ್ ಕಳಿಸಿ ಹೆಸರಾಗಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ, ಚಿಕಿತ್ಸೆಯ ನಡುವೆ ಇದ್ದವರು ಅರ್ಧದಲ್ಲೇ ನಿಂತರು. ಪಕ್ಕದ ರಸ್ತೆಯ ಡಾಕ್ಟರ್ ಆದರೆ ಹೋಗಿ ಬಾಗಿಲಾದರೂ ಬಡಿಯಬಹುದು, ಅಲ್ವಾ?

“ಇವತ್ತೇ ಬುಕ್ ಮಾಡಿದರೆ ಇಷ್ಟು ಕಡಿಮೆ” ಅಂದರೆ “ಮನೇಲಿ ಕೇಳಿ ಹೇಳ್ತೀನಿ” ಅನ್ನಿ. ಸೀರೆ ಅಂಗಡಿಯಲ್ಲಿ ಕಲಿತ ಈ ಮಾತು ಇಲ್ಲೂ ಕೆಲಸ ಮಾಡುತ್ತದೆ. ಬರುವಾಗ ಒಪಿಜಿ ಚಿತ್ರವನ್ನು ವಾಟ್ಸಾಪಿಗೆ ಹಾಕಿಸಿಕೊಳ್ಳಿ. ದುಡ್ಡು ಕೊಟ್ಟು ತೆಗೆಸಿದ್ದು, ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಅದೇ ಸಾಕಾಗಬಹುದು.

ನನ್ನ ವಿಷಯಕ್ಕೆ ಬಂದರೆ, ಎರಡು ಸಲ ವಸಡಿನ ಒಳಗಿನವರೆಗೂ ಕ್ಲೀನಿಂಗ್ ಆಯಿತು. ದಿನಾ ರಾತ್ರಿ ಹಲ್ಲಿನ ಸಂದಿಗೆ ಸಣ್ಣ ಬ್ರಷ್. ಮೂರು ತಿಂಗಳು ಬಿಟ್ಟು ಬರಲು ಹೇಳಿದ್ದರು, ಹೋದೆ. ಡಾಕ್ಟರ್ ಅದೇ ಕಡ್ಡಿ ತೆಗೆದುಕೊಂಡು ಅದೇ ಜಾಗಕ್ಕೆ ಇಳಿಸಿದರು. “ಮೂರು” ಅಂದರು. ಪಕ್ಕಕ್ಕೆ ಸರಿದು ಇನ್ನೊಮ್ಮೆ, “ಮೂರು.” ಅಲೈನರ್‌ಗೆ ಸ್ಕ್ಯಾನ್ ಮಾಡಿದ್ದು ಅವತ್ತು.